ಪರದೆಯಾಚೆ ನಿಂತ ಅಕ್ಕ

ನಮ್ಮ ಹೃದಯದ ತುರ್ತು ವಾರ್ಡಿನ ಹಿರಿಯ ನರ್ಸನ್ನು ಬೆನ್ನ ಹಿಂದೆ ನಾವೆಲ್ಲ 'ಗೈಡ್‌ಲೈನ್ ಅಕ್ಕ' ಎನ್ನುತ್ತಿದ್ದೆವು. ಎದೆನೋವೆಂದು ಬಂದವನು ಮಂತ್ರಿಯಾಗಲಿ, ಮೂಟೆ ಹೊರುವವನಾಗಲಿ, ಮೊದಲು ಇಸಿಜಿ, ಆಮೇಲೆ ಅಗಿಯಲು ಆಸ್ಪಿರಿನ್, ಆಮೇಲೆ ಪ್ರಶ್ನೆಗಳು. ಒಂದನ್ನೂ ಬಿಡುವಂತಿಲ್ಲ. ಒಮ್ಮೆ ನಾನೊಂದು ಪ್ರಶ್ನೆ ನುಂಗಿದ್ದಕ್ಕೆ ಎಲ್ಲರೆದುರು ನೀರಿಳಿಸಿದ್ದಳು. ಗಂಡು ನರ್ಸು ನಾನೊಬ್ಬನೇ, ಎಲ್ಲರಿಗೂ ಮಜಾ. ಆ ಸಿಟ್ಟು ಈಗಲೂ ಇದೆ.

ಊಟದ ಕೋಣೆಯಲ್ಲಿ ಅವಳು ಗೋಡೆಯತ್ತ ಮುಖಮಾಡಿ ಒಬ್ಬಳೇ ಉಣ್ಣುತ್ತಿದ್ದಳು. ಮದುವೆಯಿಲ್ಲ. ಇದ್ದೊಬ್ಬ ತಮ್ಮನೂ ಮಾತು ಬಿಟ್ಟಿದ್ದ. ತಾಯಿ ಸಾಯುವಾಗ ಇದೇ ವಾರ್ಡಿನಲ್ಲಿ ಯಾರದೋ ಎದೆ ಒತ್ತುತ್ತಿದ್ದಳಂತೆ, ಹೋಗಲಾಗಲಿಲ್ಲ. ತಮ್ಮ ಅದನ್ನು ಮನಸ್ಸಿಗೆ ಹಚ್ಚಿಕೊಂಡ.

ಒಂದು ಮಧ್ಯಾಹ್ನ ಸ್ಟ್ರೆಚರಿನ ಮೇಲೆ ಆ ತಮ್ಮನೇ ಬಂದ, ಬೆವರಿ ತೊಪ್ಪೆಯಾಗಿ. ಅಕ್ಕನ ಮುಖ ಬಿಳಿಚಿಕೊಂಡಿತು, ಆದರೂ ಇಸಿಜಿ ತಂತಿಗಳನ್ನು ತಾನೇ ಅಂಟಿಸಿದಳು. ಇಸಿಜಿಯಲ್ಲಿ ಹೃದಯಾಘಾತ ಎದ್ದು ಕಾಣುತ್ತಿತ್ತು. ನೋವಿಗೆ ನಾಲಿಗೆಯಡಿ ಸ್ಪ್ರೇ ಕೊಡಲು ಡಾಕ್ಟರು ಹೇಳಿದರು. ಅದಕ್ಕೂ ಮುನ್ನ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಗಂಡಸುತನದ ಮಾತ್ರೆ ತಿಂದವರಿಗೆ ಆ ಸ್ಪ್ರೇ ಬಿದ್ದರೆ ಬಿಪಿ ಕುಸಿದು ಪ್ರಾಣಕ್ಕೇ ಸಂಚಕಾರ.

"ನಿನ್ನೆ ಮೊನ್ನೆ ಗಂಡಸುತನದ ಮಾತ್ರೆ ಏನಾದ್ರೂ ತಗೊಂಡಿದ್ಯಾ?" ಅಕ್ಕ ಬಿಡಿಸಿಯೇ ಕೇಳಿದಳು.

"ಇಲ್ಲ," ಎಂದ ತಮ್ಮ, ಸೀಲಿಂಗ್ ನೋಡುತ್ತ.

ಸ್ಪ್ರೇ ಕೈಯಲ್ಲೇ ಇತ್ತು, ಅವಳು ಕೊಡಲಿಲ್ಲ. ನನ್ನ ತೋಳು ಹಿಡಿದು ಪರದೆಯಾಚೆ ಕರೆದೊಯ್ದಳು. "ಅವನು ನನ್ನ ತಮ್ಮ ಕಣೋ. ಸತ್ರೂ ನನ್ನ ಹತ್ರ ಹೇಳಲ್ಲ. ನೀನು ಕೇಳು, ಬೇಗ."

ನಾನು ಒಳಬಂದು ಕೇಳಿದಾಗ ಅವನು ಮೊದಲು ಪರದೆಯತ್ತ ನೋಡಿದ. "ಅಕ್ಕ ಹೋದ್ಲಾ?"

"ಹೋದ್ರು."

"ನಿನ್ನೆ ರಾತ್ರಿ ಒಂದು ತಗೊಂಡಿದ್ದೆ. ಅವಳಿಗೆ ಹೇಳ್ಬೇಡಿ."

ಹೇಳುವ ಅಗತ್ಯವೇ ಬೀಳಲಿಲ್ಲ. ಹೊರಬಂದ ನನ್ನ ಮುಖ ನೋಡಿದ್ದೇ ಸ್ಪ್ರೇ ಪಕ್ಕಕ್ಕಿಟ್ಟಳು. ಡಾಕ್ಟರು ಬೇರೆ ಔಷಧಿ ಕೊಟ್ಟರು, ಮುಚ್ಚಿದ ರಕ್ತನಾಳ ತೆರೆಯಲು ಕರೆದೊಯ್ದರು. ಬದುಕಿಕೊಂಡ.

ಸಂಜೆ ಅವನ ಹೆಂಡತಿ ಮಕ್ಕಳು ಮಂಚ ಸುತ್ತುವರಿದಿದ್ದರು. ಅಕ್ಕ ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಕುಳಿತಿದ್ದಳು. ಒಳಗೆ ಹೋಗಿ ಎಂದರೆ, ಕರೆದಿಲ್ಲವಲ್ಲ ಎಂದಳು.

"ಇಷ್ಟು ವರ್ಷ ಆದ್ಮೇಲೆ ಒಂದು ಮಾತಾಡಿದ, ಅದೂ ಸುಳ್ಳು," ಎಂದು ರೇಗಿದೆ.

"ನನ್ನನ್ನ ಯಾರೋ ನರ್ಸು ಅಂದ್ಕೊಂಡಿದ್ರೆ ನಿಜಾನೇ ಹೇಳ್ತಿದ್ದ ಕಣೋ. ಇನ್ನೂ ಅಕ್ಕ ಅಂತಾನೇ ನಾಚಿಕೊಂಡ," ಎಂದವಳು ಕೂತಲ್ಲೇ ಅತ್ತಳು.