ಮುನಿಸಿಕೊಂಡ ಮೊದಲ ಚಾನೆಲ್

ನನ್ನ ಹೆಂಡತಿ ಬೇಸ್ ಗಿಟಾರ್ ನುಡಿಸುತ್ತಾಳೆ. ನಾನು ಏನೂ ನುಡಿಸುವುದಿಲ್ಲ. ಆದರೆ ಹುಬ್ಬಳ್ಳಿಯಲ್ಲಿ ಓದಿ ಪಡೆದ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ನನ್ನ ಹತ್ತಿರ ಇದೆ. ಅದನ್ನು ಹಿಡಿದುಕೊಂಡು ಪುಣೆಗೆ ಬಂದವನು ಪಿಂಪ್ರಿಯ ಒಂದು ಕಂಪನಿಯಲ್ಲಿ ಖರೀದಿ ವಿಭಾಗದ ಗುಮಾಸ್ತನಾದೆ. ಮುಂದೆ ಆ ಡಿಪ್ಲೊಮಾದ ಮಾತು ಬರುತ್ತಿದ್ದದ್ದು ಮನೆಯಲ್ಲಿ ಬಲ್ಬ್ ಬದಲಿಸುವಾಗ ಮಾತ್ರ.

ಹೋದ ವರ್ಷ ಗಣಪತಿ ಹಬ್ಬಕ್ಕೆ ಮುಂಚೆ ಅವಳು ಪುಣೆ ಹತ್ತಿರದ ದೌಂಡದಿಂದ ಒಂದು ಹಳೆಯ ಬೇಸ್ ಆಂಪ್ಲಿಫೈಯರ್ ತಂದಳು. ಹಳೆಯ ರೇಡಿಯೊಗಳಲ್ಲಿರುತ್ತಿದ್ದಂಥ ಗಾಜಿನ ವಾಲ್ವುಗಳ ಕಾಲದ್ದು; ಸದ್ದು ಹೋಗಲು ಎರಡು ದಾರಿ, ಅಂದರೆ ಎರಡು ಚಾನೆಲ್, ಇದ್ದದ್ದು. ಕೊಟ್ಟವರು ನಿವೃತ್ತ ರೈಲ್ವೆ ನೌಕರರು, ಹರೆಯದಲ್ಲಿ ಬ್ಯಾಂಡಿನಲ್ಲಿದ್ದವರು. "ಪಹಿಲಾ ಚಾನೆಲ್ ಜರಾ ರುಸತೋ," ಅಂದಿದ್ದರಂತೆ. ಮೊದಲನೆಯದು ಸ್ವಲ್ಪ ಮುನಿಸಿಕೊಳ್ಳುತ್ತದೆ ಎಂದು. ಅವಳಿಗೆ ಬೇಕಾದ ತುಂಬು ದನಿ ಇದ್ದದ್ದು ಆ ಮೊದಲನೆಯದರಲ್ಲೇ, ಆದರೆ ನುಡಿಸಿದಾಗ ಅದು ಕರಕರ ಅನ್ನುತ್ತಿತ್ತು. ಎರಡನೆಯದು ನೆಗಡಿಯಾದವರ ಹಾಗೆ ಮಾತಾಡುತ್ತಿತ್ತು.

"ಯಾರಾದ್ರೂ ಮೆಕ್ಯಾನಿಕ್‌ಗೆ ತೋರಿಸೋಣ ರೀ," ಅಂದಳು. ಅವಳು ಮೈಸೂರಿನವಳು, ಮಾತು ಮೆತ್ತಗೆ.

"ಯಾರಿಗರೇ ಯಾಕ? ನಾ ಇದ್ದೀನಲ್ಲ," ಅಂದೆ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಪಾತ್ರೆ ತಿಕ್ಕುವ ರಬ್ಬರ್ ಕೈಗವಸು ತೊಟ್ಟು ಕೂತೆ. ಇಂಥ ಆಂಪ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರುಗಳು ಕರೆಂಟ್ ಹಿಡಿದುಕೊಂಡಿರುತ್ತವೆ ಎಂಬುದೊಂದು ಪಾಠ ನೆನಪಿತ್ತು. ಉಳಿದ ಪಾಠಗಳನ್ನು ಮೊಬೈಲಿನಲ್ಲಿ ನೋಡಿಕೊಂಡೆ. ಎರಡೂ ಚಾನೆಲ್ಲಿನ ವಾಲ್ವುಗಳನ್ನು ಅದಲುಬದಲು ಮಾಡಿದೆ. ದೋಷ ವಾಲ್ವಿನದಾಗಿದ್ದರೆ ಕರಕರ ಸದ್ದು ಎರಡನೆಯದಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ವಾಲ್ಯೂಮ್ ತಿರುಪಿನೊಳಗೆ ಧೂಳು ತೆಗೆಯುವ ಸ್ಪ್ರೇ ಹೊಡೆದೆ. ಮನೆಯೆಲ್ಲ ಸೀಮೆಎಣ್ಣೆ ವಾಸನೆಯಾಯಿತು, ಕರಕರ ಹಾಗೇ ಇತ್ತು. ಮಧ್ಯಾಹ್ನ ಬುಧವಾರ ಪೇಠ ಎಂಬ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಪೇಟೆಗೆ ಹೋಗಿ ಹೊಸ ಕೆಪ್ಯಾಸಿಟರ್ ತಂದು ಬೆಸುಗೆ ಹಾಕಿದೆ. ಬೆರಳೊಂದು ಸುಟ್ಟಿತು.

"ಟ್ರಾನ್ಸ್‌ಫಾರ್ಮರ್ ಹೋಗ್ಯದ," ಎಂದು ಗಂಭೀರವಾಗಿ ಹೇಳಿದೆ. ತಿಳಿಯದಿದ್ದಾಗ ಟ್ರಾನ್ಸ್‌ಫಾರ್ಮರ್ ಅನ್ನುವುದು ನಮ್ಮ ಕಾಲೇಜಿನ ಪದ್ಧತಿ.

ಅವಳು ಗಿಟಾರ್ ಎತ್ತಿಕೊಂಡು ಒಂದೊಂದೇ ತಂತಿ ಮೀಟಿದಳು. "ಗಮನಿಸಿದ್ರಾ? ದಪ್ಪ ತಂತಿಗೆ ಮಾತ್ರ ಕರಕರ ಅನ್ನುತ್ತೆ."

"ಅದು ಫ್ರೀಕ್ವೆನ್ಸಿ ರೆಸ್ಪಾನ್ಸ್ ಪ್ರಾಬ್ಲೆಮ್."

"ಹಾಗಂದ್ರೆ?"

ಹಾಗಂದರೆ ಏನೆಂದು ನನಗೂ ಗೊತ್ತಿರಲಿಲ್ಲ.

"ದಪ್ಪ ತಂತಿಗೆ ಡಬ್ಬಾನೇ ಅದುರುತ್ತೆ," ಅಂದಳು. "ಒಳಗೆ ಏನೋ ಸಡಿಲ ಇದೆ. ನಾನು ನುಡಿಸ್ತಿರ್ತೀನಿ, ನೀವು ತಟ್ಟಿ ನೋಡಿ."

ಅವಳು ನುಡಿಸಿದಳು. ನಾನು ಐಸ್‌ಕ್ರೀಮಿನ ಮರದ ಕಡ್ಡಿಯಿಂದ ಒಂದೊಂದೇ ಭಾಗ ತಟ್ಟುತ್ತ ಹೋದೆ. ಮೊದಲ ವಾಲ್ವಿನ ಸಾಕೆಟ್ ಮುಟ್ಟಿದ ಕೂಡಲೇ ಸ್ಪೀಕರ್ ಪಟಪಟ ಅಂದಿತು. ಒಂದು ಪಿನ್ನಿನ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬೆಳಿಗ್ಗೆ ಅದನ್ನೇ ನೋಡಿ "ಗಟ್ಟಿ ಅದ" ಅಂದಿದ್ದೆ. ಪ್ಲಗ್ ತೆಗೆದು, ಕರೆಂಟ್ ಇಳಿದಿದೆಯೆಂದು ಮೀಟರಿನಲ್ಲಿ ನೋಡಿಕೊಂಡು, ಹೊಸ ಬೆಸುಗೆ ಹಾಕಿದೆ. ಮತ್ತೆ ಸ್ವಿಚ್ ಹಾಕಿದೆ. ಅವಳು ದಪ್ಪ ತಂತಿ ಮೀಟಿದಾಗ ನೆಲದೊಳಗಿಂದ ಎದ್ದಂಥ ಸದ್ದು ಬಂತು. ಖುಷಿಗೆ ನಾನು ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದೆ.

ನಾವು ಕಾಕು ಎಂದು ಕರೆಯುವ ಕೆಳಗಿನ ಮನೆಯ ಹೆಂಗಸು ಮೆಟ್ಟಿಲೇರಿ ಬಂದರು. "ಅಹೋ, ಭೂಕಂಪ ಆಲಾ ಕಾಯ?" ಅವರ ಪಾತ್ರೆಗಳೆಲ್ಲ ಕುಣಿದಿದ್ದವಂತೆ. ಹೆಂಡತಿ ತನ್ನ ಹರಕು ಮರಾಠಿಯಲ್ಲಿ ನನ್ನ ಕಡೆ ಕೈ ತೋರಿಸಿ, ಇವರೇ ರಿಪೇರಿ ಮಾಡಿದ್ದು ಅಂದಳು. ಅಲ್ಲ ಅನ್ನಲು ಬಾಯಿ ತೆರೆದವನು, ಕಾಕು ಮೆಚ್ಚುಗೆಯಿಂದ ನೋಡಿದ್ದರಿಂದ ಮುಚ್ಚಿದೆ.

ಮರುದಿನ ಅವರು ತಮ್ಮ ಮಿಕ್ಸರ್ ಹೊತ್ತು ತಂದರು. ಬಿಚ್ಚಿ, ಜೋಡಿಸಿ ಕೊಟ್ಟೆ. ಈಗ ಅದಕ್ಕೆ ಒಂದೇ ವೇಗ, ಅದೂ ಎಲ್ಲಕ್ಕಿಂತ ಜೋರಿನದು. ತರಿತರಿಯಾಗಿರುತ್ತಿದ್ದ ಅವರ ಮನೆಯ ಶೇಂಗಾ ಚಟ್ನಿ ಫೇಸ್ ಪೌಡರಿನಷ್ಟು ನುಣ್ಣಗಾಗಿದೆ. "ಛಾನ್," ಚೆನ್ನಾಗಿದೆ, ಅಂದರು ಕಾಕು. ಆಮೇಲೆ ಏನನ್ನೂ ರಿಪೇರಿಗೆ ತಂದಿಲ್ಲ.

ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗಣಪತಿ ಮಂಟಪದಲ್ಲಿ ಅವಳು ನುಡಿಸಿದಳು. ನಾನು ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು ಆಂಪ್ ಪಕ್ಕದಲ್ಲೇ ನಿಂತಿದ್ದೆ. ಮೊದಲ ಚಾನೆಲ್ ಒಮ್ಮೆಯೂ ಮುನಿಸಿಕೊಳ್ಳಲಿಲ್ಲ. ಎರಡನೇ ಹಾಡಿನ ಹೊತ್ತಿಗೆ ಯಾರೋ ಬಂದು, "ಭಾವೂ, ಜರಾ ಬಾಜೂಲಾ," ಅಂದರು. ನಾನು ಅಡ್ಡ ನಿಂತಿದ್ದರಿಂದ ಅವಳು ಕಾಣುತ್ತಿರಲಿಲ್ಲವಂತೆ. ಪಕ್ಕಕ್ಕೆ ಸರಿದು, ಕಾಕು ಹತ್ತಿರ ಕುರ್ಚಿ ಹಿಡಿದು ಕೂತು ಕೇಳಿದೆ.