ಬೈಸಿಕೊಂಡು ದನಿ ಹಿಡಿದವಳು

ಹೆಡ್‌ಫೋನ್ ಏರಿಸುವ ಮೊದಲು ಸೋದರತ್ತೆ ಕಿವಿಯ ಓಲೆಗಳನ್ನು ಬಿಚ್ಚಿ ಸೆರಗಿನ ತುದಿಗೆ ಗಂಟು ಕಟ್ಟಿಕೊಳ್ಳುತ್ತಿದ್ದಳು. ಕಲ್ಲಿನ ಓಲೆಗಳು. ಕೆಂಪೋ ಬಿಳಿಯೋ, ನೆನಪು ಒಂದೊಂದು ಸಲ ಒಂದೊಂದು ಬಣ್ಣ ಹೇಳುತ್ತದೆ, ನಂಬುವುದಿಲ್ಲ. ಗಂಟು ಮಾತ್ರ ನಿಜ.

ಚಳ್ಳಕೆರೆಯಲ್ಲಿ ನಾವಿಬ್ಬರೂ ಮದುವೆ ವಿಡಿಯೊ ತೆಗೆಯುತ್ತಿದ್ದೆವು. ಚಿತ್ರ ನನ್ನದು, ದನಿ ಅವಳದು. ದನಿಯ ಮಟ್ಟವನ್ನು ಕ್ಯಾಮೆರಾ ತಾನೇ ಏರಿಸಿ ಇಳಿಸುವ ಆಟೋಗೆ ಬಿಟ್ಟರೆ ಅವಳಿಗೆ ಸಿಟ್ಟು. ‘ಸುಮ್ಕಿದ್ರೆ ಗಾಳೀನೆಲ್ಲ ಎಳ್ಕಂತೈತೆ, ಕೂಗಿದ್ರೆ ಕತ್ತು ಹಿಸುಕ್ತೈತೆ. ಯಾವುದು ಮಾತು, ಯಾವುದು ಗಾಳಿ ಅಂತ ಅದಕ್ಕೇನ್ ಗೊತ್ತಲೇ?’

ನಮ್ಮ ಕಡೆಯ ಸಿದ್ದಾಪುರದ ಹತ್ತಿರ ಕುರಿ ಕಾಯುವ ಅಜ್ಜಿಯೊಬ್ಬಳಿಗೆ ಗಂಟಲ ಆಪರೇಷನ್ ನಿಗದಿಯಾಗಿತ್ತು. ಆಮೇಲೆ ದನಿ ಉಳಿಯುವ ಭರವಸೆ ಇರಲಿಲ್ಲ. ಕುಲದೇವರ ಹಾಡು ಪೂರ್ತಿ ಬರುತ್ತಿದ್ದದ್ದು ಅವಳೊಬ್ಬಳಿಗೇ. ‘ಹಿಡ್ಕಂಡೇ ಬರಬೇಕು’ ಎಂದು ಅತ್ತೆ ಹೊರಟಳು. ಆದರೆ ಆ ಹಾಡು ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ. ಒಂದು ಸಾಲು ಹಾಡಿ ತೋರಿಸುವಂತೆಯೂ ಇಲ್ಲ. ದೇವರ ಹೆಸರು ಬಂದಾಗ ಅಜ್ಜಿ ಗಟ್ಟಿಯಾಗಿ ಕೂಗುತ್ತಾಳೆ ಎಂದಷ್ಟೇ ಗೊತ್ತಿತ್ತು. ಎಷ್ಟು ಗಟ್ಟಿ? ಅದು ತಿಳಿಯದೆ ದನಿಯ ಮಟ್ಟವನ್ನು ಮೊದಲೇ ಹೊಂದಿಸುವುದು ಹೇಗೆ?

‘ಆಟೋಗೇ ಬಿಡೋಣ ಅತ್ತೆ’ ಎಂದೆ, ಅಜ್ಜಿಯ ಎದುರು ಕ್ಯಾಮೆರಾ ನಿಲ್ಲಿಸುತ್ತಾ.

‘ಬಾಯ್ಮುಚ್ಚಲೇ.’ ಹೆಡ್‌ಫೋನ್ ಒತ್ತಿಕೊಂಡು ಅಜ್ಜಿಯ ಕಡೆ ತಿರುಗಿದಳು. ‘ಏನಜ್ಜಿ, ನಿನ್ನ ಕುರಿ ನಾಯಿಗಿಂತ ಸಣಕಲಾಗ್ಯಾವೆ. ಮೇಯಿಸ್ತೀಯೋ, ಬರೀ ನಿದ್ದೆ ಮಾಡ್ತೀಯೋ?’

‘ಯಾರೇ ನೀನು! ನನ್ನ ಕುರಿ ಸುದ್ದಿಗೆ ಬಂದ್ರೆ ಹಲ್ಲು ಉದುರಿಸ್ತೀನಿ, ಚಳ್ಳಕೆರೆ ಬಿನ್ನಾಣಗಿತ್ತಿ!’

ದನಿಯ ಮಟ್ಟ ತೋರಿಸುವ ಪಟ್ಟಿ, ದನಿ ಒಡೆಯುವ ಕೆಂಪಿಗೆ ಹಾರಿತು. ಅತ್ತೆ ಗುಂಡಿ ತಿರುಗಿಸಿ ಇಳಿಸಿದಳು. ‘ಇನ್ನೊಂದಿಷ್ಟು ಬೈಯಜ್ಜಿ.’ ಅಜ್ಜಿ ತೆಲುಗಿಗೆ ಹೊರಳಿದಳು. ಈ ಸಲ ಪಟ್ಟಿ ಕೆಂಪಿನ ಕೆಳಗೇ ನಿಂತಿತು. ಇಬ್ಬರೂ ನಕ್ಕರು. ಹಾಡು ಶುರುವಾಯಿತು.

ಎಷ್ಟು ಹೊತ್ತು ನಡೆಯಿತೆಂದು ಕೇಳಿದರೆ ತಪ್ಪು ಹೇಳುತ್ತೇನೆ. ಫೈಲಿನ ಉದ್ದ ನೋಡಿದರೆ ತಿಳಿದೀತು, ನೋಡಿಲ್ಲ. ಅತ್ತೆ ಗುಂಡಿಯ ಮೇಲಿನ ಬೆರಳನ್ನು ಕೊನೆಯವರೆಗೂ ತೆಗೆಯಲಿಲ್ಲ. ಕೂಗು ಒಡೆಯಲಿಲ್ಲ, ಸಾಲುಗಳ ನಡುವಿನ ಮೌನಕ್ಕೆ ಗಾಳಿ ನುಗ್ಗಲಿಲ್ಲ.

ಆಪರೇಷನ್ ಆದ ಮೇಲೆ ಅಜ್ಜಿಗೆ ಉಳಿದದ್ದು ಪಿಸುದನಿ. ಅಷ್ಟರಲ್ಲಿ ಎದೆನೋವು ಬಂದು ಅತ್ತೆ ಹೋಗಿಬಿಟ್ಟಿದ್ದಳು. ಹಾಡನ್ನು ನಾನೊಬ್ಬನೇ ಒಯ್ದು ಕೇಳಿಸಿದೆ. ಪೂರ್ತಿ ಕೇಳಿ ಅಜ್ಜಿ, ‘ಆಯಮ್ಮ ಎಲ್ಲಿ?’ ಎಂದಳು.

ಹೇಳಿದೆ.

ಅಜ್ಜಿ ಕುರಿಗಳ ಕಡೆ ತಿರುಗಿದಳು. ಪಿಸುಗುಟ್ಟಿದಳು: ‘ಹೇಳ್ದೆ ಹೋದ್ಲಾ? ದನಿ ಇದ್ದಿದ್ರೆ ಬೈತಿದ್ದೆ.’