ಗೌಂಡಿ ಕಾಕಾನ ಮೂರು ಇಂಚು

ಹೋದ ವಾರ ಗೋಕಾಕಕ್ಕೆ ಹೋಗಿದ್ದಾಗ ಗೌಂಡಿ ಕಾಕಾನ ಹೆಂಡತಿ ಕಾಕಿ ಹಳೆಯ ಪೇಪರಿನಲ್ಲಿ ಸುತ್ತಿದ್ದ ಸಾಗವಾನಿ ಕಟ್ಟಿಗೆಯ ತುಂಡೊಂದನ್ನು ನನ್ನ ಕೈಗಿಟ್ಟರು. ಉದ್ದ ಮೂರೇ ಇಂಚು. ಒಂದು ಬದಿಗೆ ಪಾಲಿಶ್ ಇನ್ನೂ ಮಿನುಗುತ್ತಿತ್ತು, ತುದಿಗೆ ಗರಗಸದ ಗೆರೆಗಳಿದ್ದವು. ಮೂಗಿಗೆ ಹಿಡಿದೆ. ಸಿಮೆಂಟು, ಸುಣ್ಣ, ತಂಬಾಕು ಕೂಡಿದ ವಾಸನೆ ಬಂತು... ಅಥವಾ ಬಂತೆಂದು ನನಗನ್ನಿಸಿತು. ಗೌಂಡಿ ಕಾಕಾ ಬಾಗಿಲಿಗೆ ಬರುವ ಮೊದಲೇ ಆ ವಾಸನೆ ಒಳಗೆ ಬಂದು ಕೂತಿರುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದವು. ಗೋಕಾಕದಲ್ಲಿ ಒಂದು ಮಾಳಿಗೆಯ ಮೇಲೆ ಆರು ಕಂಪ್ಯೂಟರ್ ಇಟ್ಟುಕೊಂಡು ನಾನು ಕ್ಲಾಸ್ ನಡೆಸುತ್ತಿದ್ದೆ. ಮಧ್ಯಾಹ್ನ ಒಬ್ಬರೂ ಕಲಿಯಲು ಬರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಗುಂಡು ಹಾರಿಸುವ ಆಟವೊಂದರ ಎಡಿಟರ್ ತೆರೆದು, ಆಟದೊಳಗೆ ಮನೆ ಕಟ್ಟುವುದು ನನ್ನ ಚಟ. ಗೌಂಡಿ ಕಾಕಾ ಅದೇ ಓಣಿಯಲ್ಲಿ ಬಾಡಿಗೆಗಿದ್ದರು. ಊರಿನ ಅರ್ಧ ಗೋಡೆಗಳು ಅವರ ಕೈಯವು, ಆದರೆ ಸ್ವಂತದ್ದು ಅಂತ ಒಂದು ಗೋಡೆಯೂ ಇರಲಿಲ್ಲ. ಫ್ಯಾನಿನ ಗಾಳಿಗೆಂದು ಬಂದು ಕೂತವರು ಒಂದು ದಿನ ನನ್ನ ಪರದೆಯನ್ನು ಬಗ್ಗಿ ನೋಡಿದರು.

“ಯಾರ ಮನೀರಿ ಸರ ಇದು?”

“ಯಾರದೂ ಅಲ್ಲ ಕಾಕಾ. ಆಟದ್ದು.”

“ಅದಕ್ಕ ಹಿಂಗೈತಿ. ಈ ಪಾವಟಿಗಿ ಏರಬೇಕಂದ್ರ ಬಾಜೂಕ ಒಂದು ಏಣಿ ಇಡಬೇಕಾಗತೈತಿ ನೋಡ್ರಿ.”

ಅವರು ಹೇಳಿದ್ದು ಖರೆ. ಆ ಎಡಿಟರಿನಲ್ಲಿ ಪರದೆಯ ತುಂಬ ಚೌಕಳಿ ಇರುತ್ತಿತ್ತು. ಗೋಡೆಯ ಅಂಚನ್ನು ಎಳೆದು ಬಿಟ್ಟರೆ ಅದು ಹತ್ತಿರದ ಗೆರೆಗೆ ತಾನೇ ಹೋಗಿ ಅಂಟಿಕೊಳ್ಳುತ್ತಿತ್ತು. ಇದಕ್ಕೆ ಸ್ನ್ಯಾಪ್ ಎನ್ನುತ್ತಾರೆ. ಗೆರೆಯಿಂದ ಗೆರೆಗೆ ಎಷ್ಟು ಅಂತರ ಇರಬೇಕೆಂದು ಕಟ್ಟುವವನೇ ಆರಿಸಬೇಕು. ಬೇಗ ಮುಗಿಯಲಿ ಎಂದು ನಾನು ಭಾರಿ ಅಂತರ ಇಟ್ಟುಕೊಂಡಿದ್ದೆ. ಮೆಟ್ಟಿಲು ಎದೆಮಟ್ಟಕ್ಕೆ ಬಂದಿದ್ದವು, ಬಾಗಿಲಲ್ಲಿ ಕಬ್ಬಿನ ಲಾರಿ ಹಾಯುವಂತಿತ್ತು. ಮುಖಭಂಗವಾಗಿ ಅಂತರವನ್ನು ತೀರಾ ಸಣ್ಣದಕ್ಕೆ ಇಳಿಸಿದೆ. ಈಗ ಗೋಡೆಗಳು ಮನಸ್ಸಿಗೆ ಬಂದಲ್ಲಿ ನಿಂತವು, ಒಂದಕ್ಕೊಂದು ಮುಟ್ಟಲೇ ಇಲ್ಲ. ಮೂಲೆಮೂಲೆಗೆ ಕೂದಲೆಳೆಯ ಸಂದಿ. ನಿನ್ನ ಮನೆ ಸೋರುತ್ತಿದೆ ಎಂದು ಎಡಿಟರೇ ಬೈಯತೊಡಗಿತು. ಮಳೆಯೇ ಬಾರದ ಲೋಕದಲ್ಲಿ ಸೋರುವ ಮನೆ ಕಟ್ಟಿದ ಪುಣ್ಯಾತ್ಮ ನಾನು.

ಕಾಕಾ ತಂಬಾಕು ತಿಕ್ಕುತ್ತ ಎಲ್ಲ ನೋಡಿದರು. “ಗ್ವಾಡಿಗೆ ಫೂಟು ಹಿಡೀರಿ, ಬಾಗಿಲಕ್ಕ ಇಂಚು ಹಿಡೀರಿ, ಕಟಗಿ ಕೆಲಸಕ್ಕ ಸೂತು ಹಿಡೀರಿ. ಎಲ್ಲಾದಕ್ಕೂ ಒಂದ ಅಳತಿ ಹಿಡದ್ರ ಮನಿ ಆಗಂಗಿಲ್ರಿ ಸರ.” ಸೂತು ಎಂದರೆ ಇಂಚಿನ ಎಂಟನೆಯ ಒಂದು ಪಾಲು. ಎಡಿಟರಿನ ಇಂಗ್ಲಿಷ್ ಕೈಪಿಡಿಯ ಮೂವತ್ತು ಪುಟ ಓದಿಯೂ ನನ್ನ ತಲೆಗೆ ಹತ್ತದ್ದು ಆ ಒಂದು ಮಾತಿಗೆ ಹತ್ತಿತು.

ಆಗ ಕಾಕಾ ಕೊಣ್ಣೂರ ರಸ್ತೆಯ ಕಡೆ ಒಂದು ತುಂಡು ಜಾಗ ಹಿಡಿದಿದ್ದರು. ಕಾಕಿ ಮಾತ್ರ ಮನೆಗೆ ಒಪ್ಪಿರಲಿಲ್ಲ. ಮೂಡಲಗಿಯ ತವರಿನವರು ಮದುವೆಗೆ ಕೊಟ್ಟ ಸ್ಟೀಲಿನ ಮಾಂಡಣಿ, ಅಂದರೆ ಪಾತ್ರೆ ಜೋಡಿಸುವ ದೊಡ್ಡ ಚೌಕಟ್ಟು, ಬಾಡಿಗೆ ಮನೆಗಳಲ್ಲಿ ಹಿಡಿಸದೆ ವರ್ಷಗಟ್ಟಲೆ ಹಿತ್ತಲಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. “ಮಾಂಡಣಿ ನಿಲ್ಲೂ ಜಾಗಾ ಕಣ್ಣೀಲೆ ನೋಡೂತನಕ ನಾ ಹೂಂ ಅನ್ನಂಗಿಲ್ಲ” ಎಂದು ಕಾಕಿಯ ಹಟ. ಕಾಕಾ ಇಟ್ಟಂಗಿಯ ಚೂರಿನಿಂದ ಅಂಗಳದಲ್ಲಿ ಗೆರೆ ಎಳೆದು ತೋರಿಸಿದರೆ, “ಇದರಾಗ ಕುಂಟಾಬಿಲ್ಲಿ ಆಡ್ರಿ ಹೋಗ್ರಿ” ಎಂದಿದ್ದರಂತೆ. ಮನೆ ಕಟ್ಟಿ ನೋಡು ಎಂಬ ಗಾದೆಯನ್ನು ಊರಿಗೆಲ್ಲ ಹೇಳುತ್ತಿದ್ದ ಮನುಷ್ಯ ನನ್ನೆದುರು ಕೈಜೋಡಿಸಿದರು. ಅವರ ಮನೆಯನ್ನು ಕಂಪ್ಯೂಟರಿನೊಳಗೆ ಕಟ್ಟಿ ಕಾಕಿಗೆ ತೋರಿಸಬೇಕಂತೆ.

ಅವರು ಹೇಳಿದ ಅಳತೆ ನನಗಿನ್ನೂ ನೆನಪಿದೆ. ಅಡಿಗೆಮನೆಯ ಉದ್ದ ಏಳು ಫೂಟು ಒಂಬತ್ತು ಇಂಚು. ಅದಕ್ಕೆ ಅಂಟಿದ ಮಲಗುವ ಕೋಣೆ, ಅವರ ಸಾಗವಾನಿ ಕಾಟು, ಅಂದರೆ ಮಂಚ, ಹಿಡಿಸುವಷ್ಟೇ. ನನ್ನ ಸ್ನ್ಯಾಪ್ ಒಂದು ಫೂಟಿನಲ್ಲಿ ನಿಂತಿತ್ತು. ಇಂಚಿಗೆ ಇಳಿಸಿದರೆ ಮತ್ತೆ ಸೋರೀತೆಂಬ ಭಯ, ಭಯಕ್ಕಿಂತ ಹೆಚ್ಚು ಮೈಗಳ್ಳತನ. ಗೋಡೆ ಹೋಗಿ ಎಂಟು ಫೂಟಿನ ಗೆರೆಗೆ ಅಂಟಿಕೊಂಡಿತು. ಮೂರು ಇಂಚು ಯಾರಿಗೆ ಕಂಡೀತು ಎಂದು ಹಾಗೇ ಬಿಟ್ಟೆ.

ಕಾಕಿ ಸೆರಗು ಹೊದ್ದು ಬಂದು ಪರದೆಯೆದುರು ಕೂತರು. ಆ ಆಟದಲ್ಲಿ ಎಲ್ಲಿಗೆ ನಡೆದರೂ ಕೈಯಲ್ಲಿ ಬಂದೂಕು ಇದ್ದೇ ಇರುತ್ತದೆ. ಅದನ್ನು ತೆಗೆಯುವುದು ನನಗೆ ಗೊತ್ತಿರಲಿಲ್ಲ.

“ನನ್ನ ಅಡಗಿ ಮನ್ಯಾಗ ಬಂದೂಕ ಹಿಡಕೊಂಡ ಬಂದಾಂವ ಯಾಂವ?”

“ಅದು ನೀನಽ,” ಎಂದರು ಕಾಕಾ.

ಕಾಕಿಗೆ ಅದು ಬಹಳ ಹಿಡಿಸಿತು. ನೆಲಕ್ಕೆ ಫೂಟಿಗೊಂದರಂತೆ ಹಾಕಿದ್ದ ಫರಸಿ ಕಲ್ಲುಗಳನ್ನು ಬೆರಳಿಟ್ಟು ಎಣಿಸಿದರು. ಎಂಟು. ಐದು ಗ್ಯಾಸಿನ ಕಟ್ಟೆಗೆ, ಮೂರು ಮಾಂಡಣಿಗೆ. “ಹೂಂ, ಕಟ್ಟ್ರಿ,” ಎಂದರು. ಕಾಕಾ ಪರದೆ ನೋಡಲೇ ಇಲ್ಲ, ಕಾಕಿಯ ಮುಖವನ್ನೇ ನೋಡುತ್ತಿದ್ದರು.

ಮನೆ ಎದ್ದಿತು. ಕಾಕಿ ಹೇಳಿದಂತೆ ಕಟ್ಟೆ ಐದು ಫೂಟು, ಗೋಡೆ ಮಾತ್ರ ಕಾಕಾ ಮೊದಲೇ ಹೇಳಿದ ಏಳು ಫೂಟು ಒಂಬತ್ತು ಇಂಚಿಗೆ. ಗೃಹಪ್ರವೇಶದ ದಿನ ನಾಲ್ಕು ಜನ ಮಾಂಡಣಿಯನ್ನು ಹೊತ್ತು ತಂದು ಒಳಗೆ ನೂಕಿದರು. ಅದು ಗೋಡೆಗೂ ಕಟ್ಟೆಗೂ ನಡುವೆ ಇಳಿಯಲಿಲ್ಲ. ಓರೆ ಮಾಡಿದರು, ಎತ್ತಿದರು, ದೇವರ ಹೆಸರು ಹೇಳಿದರು. ಮೂರು ಇಂಚು ಕಡಿಮೆ ಬಿತ್ತು. ಮೂಡಲಗಿಯಿಂದ ಬಂದ ಕಾಕಿಯ ಅಣ್ಣ ಎಲ್ಲರಿಗೂ ಕೇಳುವಂತೆ, “ಊರ ಮಂದೀಗೆಲ್ಲಾ ಅಳತಿ ಹೇಳೂ ಗೌಂಡಿ, ಸ್ವಂತ ಮನ್ಯಾಗ ತಪ್ಪಿದ ನೋಡ್ರಿ!” ಎಂದು ನಕ್ಕರು.

ನಾನು ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ನಿಂತಿದ್ದೆ. ಕಾಕಾ ಟೇಪು ಹಿಡಿದರು, ಕಾಕಿಯ ಫರಸಿಗಳನ್ನು ನೆನಪಿಸಿಕೊಂಡರೇನೋ, ತಿರುಗಿ ನನ್ನನ್ನೊಮ್ಮೆ ನೋಡಿದರು. ಈಗ ನನ್ನ ಹೆಸರು ಬಂತು ಎಂದುಕೊಂಡೆ.

“ತಪ್ಪ ನಂದ. ದಾರ ಸಡಲ ಆಗಿತ್ತ,” ಎಂದರು.

ಗೌಂಡಿಯಾದವನು ಗೋಡೆಯ ನೇರ ಹಿಡಿಯುವ ನನ್ನ ದಾರವೇ ಸಡಿಲಾಗಿತ್ತೆಂದು ಬೀಗರ ಮುಂದೆ ಒಪ್ಪಿಕೊಳ್ಳುವುದೆಂದರೆ... ನಾನು ಹೋಳಿಗೆ ನುಂಗಿದೆ, ಅದರ ಜೊತೆ ಮಾತನ್ನೂ ನುಂಗಿದೆ.

ಮರುದಿನ ಅವರು ನಡುವಿನ ಗೋಡೆ ಕೆಡವಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂರು ಇಂಚು ಆಚೆ ಸರಿಸಿ ಮತ್ತೆ ಕಟ್ಟಿದರು, ಮಾಂಡಣಿ ರಾಣಿಯಂತೆ ನಿಂತಿತು. ಈಗ ಕೋಣೆಯಲ್ಲಿ ಕಾಟು ಹಿಡಿಸಲಿಲ್ಲ. ಕಾಲ ಕಡೆಯಿಂದ ಅದನ್ನೂ ಮೂರು ಇಂಚು ಕೊಯ್ದರು. ಕಾಕಾ ಎತ್ತರದ ಆಳು. ಅಂದಿನಿಂದ ಅವರ ಪಾದಗಳು ಕಾಟಿನ ಹೊರಗೆ, ಕಾಲ ಕಡೆಯ ತೆರೆದ ಬಾಗಿಲಲ್ಲೇ ಮಲಗಿದವು. ಕೇಳಿದರೆ “ಕಾಲಿಗೆ ಗಾಳಿ ಛಲೋ ಬರತೈತ್ರಿ” ಎನ್ನುತ್ತಿದ್ದರು. ಸಡಿಲ ದಾರದ ಚೇಷ್ಟೆ ಮಾತ್ರ ಚಹಾದಂಗಡಿಗಳಲ್ಲಿ ಬಹಳ ದಿನ ಓಡಾಡಿತು. ಒಂದೆರಡು ದೊಡ್ಡ ಕೆಲಸಗಳು ಅವರ ಕೈ ತಪ್ಪಿದವೆಂದೂ ಕೇಳಿದೆ. ಅವರು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಲಾಸ್ ಮುಚ್ಚಿ ಹುಕ್ಕೇರಿಗೆ ಬಂದೆ. ನಾಳೆ ಹೇಳಿದರಾಯಿತು, ಮುಂದಿನ ಸಲ ಹೇಳಿದರಾಯಿತು... ಕಾಕಾ ಹೋದ ಸುದ್ದಿಯೇ ನನಗೆ ತಡವಾಗಿ ಮುಟ್ಟಿತು.

“ಸರ ಬಂದ್ರ ಇದನ್ನ ಕೊಡು, ಅವರದು ಅಂತ ಹೇಳಿ ಇಟ್ಟಿದ್ರು,” ಎಂದರು ಕಾಕಿ ಹೋದ ವಾರ, ನನ್ನ ಕೈಯಲ್ಲಿದ್ದ ತುಂಡಿನತ್ತ ಕೈ ಮಾಡಿ.

ನನಗೆ ತಡೆಯಲಾಗಲಿಲ್ಲ. “ಕಾಕಿ, ಅವತ್ತ ದಾರ ಸಡಲ ಆಗಿರಲಿಲ್ರಿ. ತಪ್ಪ ನಂದ.”

ಕಾಕಿ ನಕ್ಕುಬಿಟ್ಟರು. “ನನಗ ಅವತ್ತ ಗೊತ್ತಾಗಿತ್ತ್ರಿ. ಅವರು ದಾರ ಸಡಲ ಬಿಡೂ ಮನಷ್ಯಾ ಅಲ್ಲ. ನೀವು ಯಾವಾಗ ಹೇಳತೀರಿ ಅಂತ ಇಬ್ಬರೂ ದಾರಿ ಕಾಯತಿದ್ವಿ.”

ನಾಚಿಕೆಯೂ ಅಳುವೂ ಕೂಡಿಯೇ ಬಂದವು. ಕಾಕಿ ಚಹಾಕ್ಕೆಂದು ಒಳಗೆ ಹೋದರು, ಮಾಂಡಣಿಯಿಂದ ಕಪ್ಪು ತೆಗೆದ ಸದ್ದಾಯಿತು. ತೆರೆದಿದ್ದ ಬಾಗಿಲಿನಿಂದ ಕೋಣೆಯ ಕಾಟು ಕಾಣುತ್ತಿತ್ತು, ಈ ಗೋಡೆಯಿಂದ ಆ ಗೋಡೆಗೆ ಸರಿಯಾಗಿ. ಅದರ ತುದಿಯಿಂದ ಬಾಗಿಲಿಗೆ ಚಾಚಿದ ಪಾದಗಳು ಮಾತ್ರ ಇರಲಿಲ್ಲ.